ಬಾಕುವಿನ ಲೆಕ್ಕ, ಬ್ಯಾಡಗಿಯ ಬಾಕಿ

2024ರ ನವೆಂಬರಿನಲ್ಲಿ ಅಜರ್‌ಬೈಜಾನಿನ ರಾಜಧಾನಿ ಬಾಕುವಿನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ಗೊತ್ತುಪಡಿಸಿದ ದಿನ ದಾಟಿ, ನಡುರಾತ್ರಿ ಕಳೆದ ಮೇಲೆ ಒಂದು ತೀರ್ಮಾನಕ್ಕೆ ಬಂತು. ಶ್ರೀಮಂತ ದೇಶಗಳು ಮುಂದೆ ನಿಂತು 2035ರ ಹೊತ್ತಿಗೆ ಬಡದೇಶಗಳಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಹೊಂದಿಸಿ ಕೊಡಬೇಕು ಎಂಬುದು ಆ ತೀರ್ಮಾನ. ಬಡದೇಶಗಳು ಕೇಳಿದ್ದು 1.3 ಲಕ್ಷ ಕೋಟಿ ಡಾಲರ್. ಅಧ್ಯಕ್ಷರು ಸುತ್ತಿಗೆ ಬಡಿದು ಒಪ್ಪಿಗೆ ಸಾರಿದ ಮೇಲೆ ಭಾರತದ ಪ್ರತಿನಿಧಿ ಚಾಂದನಿ ರೈನಾ, ಇದು ಬರೀ ಕಣ್ಣುಕಟ್ಟು ಎಂದು ಸಭೆಯಲ್ಲೇ ಹೇಳಿ ವಿರೋಧ ದಾಖಲಿಸಿದರು.

ಅದೇ ವರ್ಷದ ಏಪ್ರಿಲ್ ಕೊನೆಯಲ್ಲಿ ನಮ್ಮಲ್ಲೂ ಒಂದು ಹಣ ಬಿಡುಗಡೆಯಾಗಿತ್ತು. 2023ರ ಮುಂಗಾರು ಕೈಕೊಟ್ಟು ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. 48 ಲಕ್ಷ ಹೆಕ್ಟೇರಿಗೂ ಹೆಚ್ಚು ಬೆಳೆ ಹೋಗಿದೆ, ನಷ್ಟ 35,162 ಕೋಟಿ ರೂಪಾಯಿ ಎಂದು ಅಂದಾಜಿಸಿದ ರಾಜ್ಯ ಸರ್ಕಾರ, 18,171 ಕೋಟಿ ಕೊಡಿ ಎಂದು ಕೇಂದ್ರವನ್ನು ಕೇಳಿತು. ಸೆಪ್ಟೆಂಬರಿನಲ್ಲಿ ಮನವಿ ಹೋಯಿತು. ಅಕ್ಟೋಬರಿನಲ್ಲಿ ಕೇಂದ್ರದ ತಂಡ ಬಂದು ಹೊಲ ನೋಡಿ ಹೋಯಿತು. ಆಮೇಲೆ ಸುದ್ದಿಯಿಲ್ಲ. ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ 3,454 ಕೋಟಿ ಬಂತು. ಬಾಕುವಿನಲ್ಲಿ ಸಿಕ್ಕಿದ್ದು ಕೇಳಿದ್ದರ ಕಾಲು ಭಾಗಕ್ಕೂ ಕಡಿಮೆ; ಇಲ್ಲಿ ಸಿಕ್ಕಿದ್ದು ಐದರಲ್ಲಿ ಒಂದು ಪಾಲಿಗೂ ಕಡಿಮೆ.

ಜಗತ್ತಿನ ಮುಂದೆ ಭಾರತ ಇಟ್ಟಿರುವ ಬೇಡಿಕೆ ನ್ಯಾಯವಾದದ್ದೇ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಅದೇ ಬೇಡಿಕೆಯನ್ನು, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ, ಹಾವೇರಿ ಜಿಲ್ಲೆಯ ಒಣಬೇಸಾಯದ ರೈತ ದೆಹಲಿಯ ಮುಂದೆಯೂ ಬೆಂಗಳೂರಿನ ಮುಂದೆಯೂ ಇಡುತ್ತಿದ್ದಾನೆ. ಮೊದಲನೆಯದನ್ನು ಗಟ್ಟಿ ದನಿಯಲ್ಲಿ ಕೇಳುವವರು ಎರಡನೆಯದಕ್ಕೆ ಕಿವಿಗೊಡದೆ ಇರಲು ಬರುವುದಿಲ್ಲ.

ಮೊದಲು ಹೊರಗಿನ ಲೆಕ್ಕ ನೋಡೋಣ. ಒಬ್ಬ ಅಮೆರಿಕನ್ನನ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಒಬ್ಬ ಭಾರತೀಯನ ಪಾಲಿಗೆ ಸುಮಾರು 2 ಟನ್. ಕೈಗಾರಿಕಾ ಯುಗ ಆರಂಭವಾದಾಗಿನಿಂದ ಗಾಳಿಗೆ ಸೇರಿದ ಕಲ್ಲಿದ್ದಲು-ಎಣ್ಣೆಯ ಹೊಗೆಯಲ್ಲಿ ಅಮೆರಿಕದ ಪಾಲೊಂದೇ ಹತ್ತಿರಹತ್ತಿರ ಕಾಲು ಭಾಗ. ಜಗತ್ತಿನ ಆರು ಜನರಲ್ಲಿ ಒಬ್ಬರಿರುವ ಭಾರತದ ಪಾಲು ನೂರಕ್ಕೆ ಮೂರೋ ನಾಲ್ಕೋ. ಈ ಹೊಗೆ ಒಂದು ವರ್ಷಕ್ಕೆ ಕರಗಿಹೋಗುವಂಥದ್ದಲ್ಲ, ಶತಮಾನಗಟ್ಟಲೆ ಉಳಿಯುತ್ತದೆ. ಆದ್ದರಿಂದ ಇವತ್ತು ಯಾರು ಎಷ್ಟು ಸುಡುತ್ತಾರೆ ಎಂಬುದರ ಜೊತೆಗೆ ಹಿಂದೆ ಯಾರು ಎಷ್ಟು ಸುಟ್ಟರು ಎಂಬುದನ್ನೂ ಕೇಳಲೇಬೇಕು. 1991ರಲ್ಲಿ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ದೆಹಲಿಯಿಂದ ಒಂದು ಸಣ್ಣ ಪುಸ್ತಕ ತಂದು ಈ ವಾದಕ್ಕೆ ಬೆನ್ನೆಲುಬು ಕೊಟ್ಟರು. ಬಡವರ ಗದ್ದೆಯಿಂದ, ದನದ ಕೊಟ್ಟಿಗೆಯಿಂದ ಏಳುವ ಅನಿಲವನ್ನೂ ಶ್ರೀಮಂತರ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದರು. ಮರುವರ್ಷ ರಿಯೊ ಡಿ ಜನೈರೊದಲ್ಲಿ ಸಹಿಗೆ ತೆರೆದ ಒಪ್ಪಂದದಲ್ಲಿ ಹೊಣೆ ಎಲ್ಲರದೂ ಹೌದು, ಆದರೆ ಎಲ್ಲರದೂ ಸಮವಲ್ಲ ಎಂಬ ತತ್ತ್ವ ಸೇರಿತು. ಮುಂದಿನ ಮೂವತ್ತು ವರ್ಷದ ಜಗಳವೆಲ್ಲ ಆ ಸಾಲಿನ ಮೇಲೆಯೇ ನಡೆದಿದೆ. 1997ರ ಕ್ಯೋಟೊ ಒಪ್ಪಂದ ಶ್ರೀಮಂತ ದೇಶಗಳಿಗೆ ಮಾತ್ರ ಗುರಿ ಹಾಕಿತು. 2001ರಲ್ಲಿ ಅಮೆರಿಕ ಅದರಿಂದ ಹೊರನಡೆಯಿತು. 2015ರ ಪ್ಯಾರಿಸ್ ಒಪ್ಪಂದ ಅವರವರ ಗುರಿ ಅವರವರೇ ಹಾಕಿಕೊಳ್ಳಲಿ ಎಂದಿತು.

ಈ ಹಳೆಯ ಬಾಕಿಯ ಮಾತು ಬಂದಾಗಲೆಲ್ಲ ನನಗೆ ನಮ್ಮ ಎರೆಹೊಲದ ಹತ್ತಿ ನೆನಪಾಗುತ್ತದೆ. 1861ರಿಂದ 65ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಲ್ಯಾಂಕಾಶೈರಿನ ಗಿರಣಿಗಳಿಗೆ ಅಲ್ಲಿಯ ಅರಳೆ ನಿಂತುಹೋದಾಗ ಅವು ಕಣ್ಣು ಹಾಕಿದ ಸೀಮೆಗಳಲ್ಲಿ ಆಗಿನ ಧಾರವಾಡ ಜಿಲ್ಲೆಯೂ ಒಂದು. ಇಂದಿನ ಹಾವೇರಿ ಜಿಲ್ಲೆ 1997ರವರೆಗೂ ಅದರ ಭಾಗವೇ. ಇಲ್ಲಿಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ಮುಂಬಯಿ ಪೇಟೆಯಲ್ಲಿ ಅದರ ಹೆಸರೇ ಕುಮಟಾ ಹತ್ತಿ. ಇಂಗ್ಲೆಂಡಿನ ಕಲ್ಲಿದ್ದಲ ಗಿರಣಿಗಳಲ್ಲಿ ನೂಲಾದದ್ದರಲ್ಲಿ ಈ ನೆಲದ ಬೆಳೆಯೂ ಇತ್ತು. ಯುದ್ಧ ಮುಗಿಯುತ್ತಲೇ ಧಾರಣಿ ಬಿದ್ದಿತು. ಹನ್ನೊಂದು ವರ್ಷ ಕಳೆಯುತ್ತಲೇ, 1876–78ರಲ್ಲಿ, ಧಾತು-ಈಶ್ವರ ಸಂವತ್ಸರಗಳ ಮಹಾಬರ ಇದೇ ಸೀಮೆಯನ್ನು ಬಡಿಯಿತು. ಹೊಗೆಯ ಲಾಭ ಒಂದು ಕಡೆ, ಹೊಟ್ಟೆಯ ಹಸಿವು ಇನ್ನೊಂದು ಕಡೆ ಎಂಬುದು ಇಲ್ಲಿ ಮೊನ್ನೆ ಮೊನ್ನೆ ಶುರುವಾದದ್ದಲ್ಲ.

ಇಷ್ಟಾದರೂ ಶ್ರೀಮಂತ ದೇಶಗಳ ಆಕ್ಷೇಪಗಳಲ್ಲಿ ಒಂದೆರಡನ್ನು ತಳ್ಳಿಹಾಕಲಾಗದು. ಯಾವ ದೇಶ ಯಾವ ಸಾಲಿನಲ್ಲಿ ನಿಲ್ಲಬೇಕು ಎಂಬ ಪಟ್ಟಿ 1992ರದು. ಚೀನಾ ಇವತ್ತು ಎಲ್ಲರಿಗಿಂತ ಹೆಚ್ಚು ಹೊಗೆ ಬಿಡುತ್ತದೆ. ತಲಾ ಲೆಕ್ಕದಲ್ಲಿ ಯುರೋಪಿನ ಹಲವು ದೇಶಗಳನ್ನು ಹಿಂದಿಕ್ಕಿದೆ. ಎಣ್ಣೆಯಿಂದ ಸಿರಿವಂತವಾದ ಕೊಲ್ಲಿ ದೇಶಗಳು ಇನ್ನೂ ಬಡದೇಶಗಳ ಸಾಲಿನಲ್ಲಿವೆ. ಒಟ್ಟು ಲೆಕ್ಕದಲ್ಲಿ ಭಾರತಕ್ಕೆ ಮೂರನೆಯ ಸ್ಥಾನ. ಆ ಪಟ್ಟಿ ಬದಲಾಗಬೇಕು ಎಂಬ ಮಾತು ಸರಿಯೇ. ಆದರೆ ಪಟ್ಟಿ ಹಳೆಯದಾಯಿತು ಎಂಬ ನೆಪದಲ್ಲಿ ಬಾಕಿಯನ್ನೇ ಮನ್ನಾ ಮಾಡಿಸಿಕೊಳ್ಳಲು ಹೊರಡುವುದು ಬೇರೆ.

ಇನ್ನೊಂದು ಆಕ್ಷೇಪ ನಮ್ಮ ಮನೆಯೊಳಗಿನದು, ನನ್ನನ್ನು ಹೆಚ್ಚು ಕಾಡುವುದೂ ಅದೇ. 2 ಟನ್ ಎಂಬುದು ಸರಾಸರಿ. ಬೆಂಗಳೂರಿನ ಎರಡು ಕಾರಿನ ಮನೆಯೂ, ಮಳೆ ನಂಬಿ ಬೀಜ ಹಾಕುವ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಮನೆಯೂ ಆ ಒಂದೇ ಅಂಕಿಯೊಳಗೆ ಕೂತಿವೆ. 2007ರಲ್ಲಿ ಗ್ರೀನ್‌ಪೀಸ್ ಇಂಡಿಯಾ ಹೊರತಂದ ವರದಿ, ಇಲ್ಲಿಯ ಅತಿ ಹೆಚ್ಚು ಆದಾಯದವರು ಅತಿ ಕಡಿಮೆ ಆದಾಯದವರಿಗಿಂತ ನಾಲ್ಕೂವರೆ ಪಟ್ಟು ಹೆಚ್ಚು ಹೊಗೆ ಬಿಡುತ್ತಾರೆಂದು ಲೆಕ್ಕ ಹಾಕಿ, ನಮ್ಮ ಸಿರಿವಂತರು ಬಡವರ ಹಿಂದೆ ಅಡಗಿದ್ದಾರೆ ಎಂದಿತ್ತು. ಆಗ ಆ ವರದಿಯ ಮೇಲೆ ಸಿಟ್ಟಾದವರು ಬಹಳ. ಇದರಿಂದ ಭಾರತದ ವಾದ ದುರ್ಬಲವಾಗುತ್ತದೆ ಎಂದು ಅಂಜಿದವರೂ ಇದ್ದರು. ನನಗೆ ಹಾಗೆ ಅನಿಸುವುದಿಲ್ಲ. ಬಡವರ ಹೆಸರಿನಲ್ಲಿ ವಾದ ಗೆದ್ದರೆ ಗೆದ್ದದ್ದು ಬಡವರ ಕೈಗೆ ಮುಟ್ಟಬೇಕು. ಅದು ಮುಟ್ಟಿದ್ದನ್ನು ತೋರಿಸಬಲ್ಲ ದೇಶದ ವಾದ ಇನ್ನಷ್ಟು ಗಟ್ಟಿಯಾಗುತ್ತದೆ.

ಬಡವರ ಪಾಲಿನದು ಯಾರ ಕೈ ಸೇರುತ್ತದೆ ಎಂಬ ಈ ಪ್ರಶ್ನೆಯನ್ನು ಹಾವೇರಿ ಸೀಮೆ ದಶಕಗಳ ಹಿಂದೆಯೇ ಎತ್ತಿತ್ತು. 1984ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿದವು. ಸರ್ಕಾರದ ಪಾಲು ನೂರಕ್ಕೆ 51. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯಲ್ಲಿದ್ದ ಪಾಲಿಫೈಬರ್ಸ್ ಕಾರ್ಖಾನೆಗೆ ರೇಯಾನ್ ತಿರುಳಿನ ಕಟ್ಟಿಗೆ ಬೇಕಾಗಿತ್ತು. ಅದಕ್ಕಾಗಿ ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆ ಬಂತು. ಕಡತದಲ್ಲಿ ಪಾಳು ಎಂದಿದ್ದ ಆ ನೆಲ ಊರವರಿಗೆ ದನ ಮೇಯಿಸುವ ಗಾಯರಾಣ, ಉರುವಲು, ಬೇಲಿಯ ಮುಳ್ಳು, ನೇಗಿಲಿನ ಮರ. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರ ಮುಂದಾಳತ್ವದಲ್ಲಿ, ಊರವರ ಜೊತೆ ನಿಂತಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಒಬ್ಬರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಉಪಯೋಗಕ್ಕೆ ಬರುವ ಗಿಡ ನೆಟ್ಟರು. ಅದಕ್ಕೆ ಅವರು ಇಟ್ಟ ಹೆಸರು ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ. 1991ರಲ್ಲಿ ಆ ಕಂಪನಿ ಬಾಗಿಲು ಹಾಕಿತು. ರಾಮಚಂದ್ರ ಗುಹಾ ಮತ್ತು ಹುವಾನ್ ಮಾರ್ಟಿನೆಜ್ ಅಲಿಯೆರ್ 1997ರಲ್ಲಿ ಬಡವರ ಪರಿಸರವಾದ ಎಂಬ ವಿಚಾರವನ್ನು ಜಗತ್ತಿನ ಮುಂದಿಟ್ಟ ಪುಸ್ತಕದಲ್ಲಿ ಈ ಹೋರಾಟವನ್ನೇ ಮುಖ್ಯ ಉದಾಹರಣೆಯಾಗಿ ಎತ್ತಿಕೊಂಡರು.

ನಲವತ್ತು ವರ್ಷದ ಹಿಂದಿನ ಆ ಕಥೆ ಇವತ್ತಿಗೆ ಇನ್ನೂ ಹತ್ತಿರ. ದೇಶದೇಶಗಳ ನಡುವೆ ಇಂಗಾಲದ ಕ್ರೆಡಿಟ್ ಮಾರುವ ನಿಯಮಗಳು ಬಾಕುವಿನಲ್ಲೇ ಅಂತಿಮಗೊಂಡವು. ಅವನತಿಗೊಂಡ ಭೂಮಿಯಲ್ಲಿ ಗಿಡ ನೆಟ್ಟವರಿಗೆ ಕ್ರೆಡಿಟ್ ಕೊಡುವ ಗ್ರೀನ್ ಕ್ರೆಡಿಟ್ ನಿಯಮವನ್ನು ಕೇಂದ್ರ 2023ರ ಅಕ್ಟೋಬರಿನಲ್ಲಿ ಹೊರಡಿಸಿದೆ. ಎಲ್ಲೋ ಒಂದು ಕಂಪನಿ ಬಿಟ್ಟ ಹೊಗೆಗೆ ಸಮನಾಗಿ ಇಲ್ಲಿ ಗಿಡ ಬೆಳೆಯಬೇಕಾದರೆ ಯಾವುದೋ ಊರಿನ ಗಾಯರಾಣ ಬೇಕು. ಆ ನೆಲ ಪಾಳು ಎಂದು ಬರೆಯುವವರು ಯಾರು, ಊರವರನ್ನು ಕೇಳಿ ಬರೆದರೋ ಕೇಳದೆ ಬರೆದರೋ? ಕುಸನೂರಿನವರು ಕೇಳಿದ್ದು ಇದನ್ನೇ.

ಇನ್ನು ಬರದ ವಿಚಾರಕ್ಕೆ ಬರೋಣ. ಇಲ್ಲಿ ಲೆಕ್ಕವನ್ನು ಹೊಲದ ಬದುವಿನಿಂದ ನೋಡಬೇಕು.

ಬ್ಯಾಡಗಿ ಮೆಣಸಿನಕಾಯಿಯ ಬೆಲೆ ಇರುವುದು ಖಾರದಲ್ಲಲ್ಲ, ಬಣ್ಣದಲ್ಲಿ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಈ ಸುಕ್ಕುಗಟ್ಟಿದ, ಕಡುಗೆಂಪು ಕಾಯಿಗೆ. ಕಡ್ಡಿ, ಡಬ್ಬಿ ಎಂದು ಎರಡು ತಳಿ. ಕಾಯಿಯಿಂದ ತೆಗೆದ ಓಲಿಯೊರೆಸಿನ್ ಎಂಬ ಬಣ್ಣದ ಸಾರ ಹೊರದೇಶಗಳ ಆಹಾರ ತಯಾರಿಕೆಗೂ ಸೌಂದರ್ಯ ಸಾಮಗ್ರಿಗೂ ಹೋಗುತ್ತದೆ. ಎರೆಹೊಲದಲ್ಲಿ ಉಳ್ಳಾಗಡ್ಡಿ, ಹತ್ತಿಯ ಜೊತೆ ಅಕ್ಕಡಿಯಾಗಿ, ಬಹುಪಾಲು ಮಳೆಯನ್ನೇ ನಂಬಿ ಬೆಳೆದ ಬೆಳೆ ಇದು. ಮುಂಗಾರಿಯಲ್ಲಿ ಹಾಕಿದ ಬೆಳೆ ಕೈಗೆ ಬರುವುದು ಸಂಕ್ರಾಂತಿಯ ಹೊತ್ತಿಗೆ. ಈ ನಡುವೆ ಮಳೆ ತಡವಾದರೆ ಸಸಿ ನಿಲ್ಲುವುದಿಲ್ಲ, ಒಣಹವೆ ಹೆಚ್ಚಾದರೆ ನುಸಿ ಹೆಚ್ಚಿ ಎಲೆ ಮುಟುರು ಬರುತ್ತದೆ. ಎಲ್ಲ ದಾಟಿ ಹಣ್ಣು ಬಿಡಿಸಿ ಕಣದಲ್ಲಿ ಹರವಿದ ಮೇಲೆ ಒಂದು ಅಕಾಲಿಕ ಮಳೆ ಬಿದ್ದರೆ ಸಾಕು, ಕೆಂಪು ಕಾಯಿಯ ಮೇಲೆ ಬಿಳಿ ಮಚ್ಚೆ ಏಳುತ್ತದೆ. ಪೇಟೆಯಲ್ಲಿ ಅದು ಬಿಳಿಗಾಯಿ. ಸೋಮವಾರ, ಗುರುವಾರ ಬ್ಯಾಡಗಿ ಎಪಿಎಂಸಿಯಲ್ಲಿ ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ಕಾಯಿ ತೆಗೆದು ಬೆಳಕಿಗೆ ಹಿಡಿದು ನೋಡುವ ಖರೀದಿದಾರನ ಕಣ್ಣಿಗೆ ಮೊದಲು ಬೀಳುವುದು ಆ ಮಚ್ಚೆಯೇ. ವರ್ಷದ ದುಡಿಮೆ ಆ ಒಂದು ಹಿಡಿಯಲ್ಲಿ ತೀರ್ಮಾನವಾಗುತ್ತದೆ.

ಪರಿಹಾರದ ಮಾನದಂಡ ಇದನ್ನೆಲ್ಲ ಹೇಗೆ ಅಳೆಯುತ್ತದೆ? 2026ರ ಮಾರ್ಚ್‌ವರೆಗಿನ ಲೆಕ್ಕದಲ್ಲಿ, ನೂರಕ್ಕೆ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾಳಾಗಿದ್ದರೆ ಮಳೆಯಾಶ್ರಿತ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಎರಡು ಹೆಕ್ಟೇರಿನ ಮಿತಿಯಲ್ಲಿ. ಅಂದರೆ ಒಣಬೇಸಾಯದ ಒಂದು ಎಕರೆಗೆ 3,400. ಬೀಜ, ಗೊಬ್ಬರ, ಮೇಲಿಂದ ಮೇಲೆ ಹೊಡೆಯುವ ಔಷಧಿ, ಕಳೆಯ ಕೂಲಿ, ಬಿಡಿಸುವ ಕೂಲಿ ಇವೆಲ್ಲಕ್ಕೆ ಅದು ಎಲ್ಲೂ ಸಾಲದು. ಕಾಯಿ ಉಳಿದು ಬಣ್ಣ ಹೋದರೆ ಆ ನಷ್ಟಕ್ಕೆ ಈ ಮಾನದಂಡದಲ್ಲಿ ಜಾಗವೇ ಇಲ್ಲ. ಮೊತ್ತ ಇಷ್ಟೇ ಎಂಬುದು ಕಲ್ಲಿನಲ್ಲಿ ಕೊರೆದದ್ದೂ ಅಲ್ಲ. 2021ರ ನವೆಂಬರಿನ ಅಕಾಲಿಕ ಮಳೆಯ ನಂತರ, ಇದೇ ಜಿಲ್ಲೆಯ ಶಿಗ್ಗಾವಿಯಿಂದ ಗೆದ್ದು ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರು ಮಳೆಯಾಶ್ರಿತ ಬೆಳೆಗೆ ಆಗಿದ್ದ 6,800 ರೂಪಾಯಿಗೆ ರಾಜ್ಯದಿಂದ ಅಷ್ಟೇ ಸೇರಿಸಿ 13,600 ಮಾಡಿದರು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 2023ರ ಬರದಲ್ಲಿ ಮಾತ್ರ ಕೇಂದ್ರದ ಹಣ ಕಾಯುತ್ತ ಮೊದಲ ಕಂತಾಗಿ ಒಬ್ಬ ರೈತನಿಗೆ ಹೆಚ್ಚೆಂದರೆ 2,000 ರೂಪಾಯಿ ಜಮೆಯಾಯಿತು.

ಆ ಬರದ ವರ್ಷದಲ್ಲೇ, 2024ರ ಮಾರ್ಚ್ 11ರಂದು, ಧಾರಣಿ ಒಮ್ಮೆಲೇ ಕುಸಿಯಿತೆಂದು ಬ್ಯಾಡಗಿ ಎಪಿಎಂಸಿಯಲ್ಲಿ ರೈತರು ಸಿಡಿದೆದ್ದರು. ಕಚೇರಿಗೆ ಕಲ್ಲು ಬಿತ್ತು, ವಾಹನಗಳು ಸುಟ್ಟುಹೋದವು. ಆ ಬೆಂಕಿಯನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಆದರೆ ಮಳೆ ಹೋಗಿ, ಪರಿಹಾರ ಬರದೆ, ಉಳಿದ ಒಂದಿಷ್ಟು ಕಾಯಿಗೆ ಬೆಲೆಯೂ ಇಲ್ಲವಾದ ದಿನ ಏನಾಗಬಹುದು ಎಂಬುದನ್ನು ಪರಿಹಾರದ ಕಡತ ಹಿಡಿದು ಕೂತವರು ಊಹಿಸಬೇಕಾಗಿತ್ತು.

ಪರಿಹಾರ ಯಾರ ಹೆಸರಿಗೆ ಬರುತ್ತದೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಉತಾರದಲ್ಲಿ (ಪಹಣಿಯಲ್ಲಿ) ಹೆಸರಿದ್ದವರಿಗೆ, ರಾಜ್ಯದ ರೈತ ನೋಂದಣಿಯಾದ ಫ್ರೂಟ್ಸ್‌ನ ಗುರುತಿನ ಸಂಖ್ಯೆ ಇದ್ದವರಿಗೆ. ಲಾವಣಿಗೆ ಹೊಲ ಹಾಕಿಕೊಂಡು ಸಾಲ ಮಾಡಿ ಬೆಳೆದವನ ಹೆಸರು ಉತಾರದಲ್ಲಿ ಇರುವುದಿಲ್ಲ. ಬೆಳೆ ಹೋದದ್ದು ಅವನದು, ಹಣ ಬರುವುದು ಹೊಲದ ಒಡೆಯನ ಖಾತೆಗೆ. ಎಷ್ಟೋ ಮನೆಗಳಲ್ಲಿ ಹೊಲ ನೋಡಿಕೊಳ್ಳುವವಳು ಹೆಂಡತಿ, ಉತಾರ ಮಾತ್ರ ಗಂಡನ ಅಥವಾ ತೀರಿಹೋದ ಮಾವನ ಹೆಸರಿನಲ್ಲಿ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಆವಕ ಕಡಿಮೆಯಾದ ವರ್ಷ ಕೂಲಿ ಹೋಗುತ್ತದೆ. ಅವರ ನಷ್ಟ ಯಾವ ಸಮೀಕ್ಷೆಯಲ್ಲೂ ಇಲ್ಲ.

ಬೆಳೆ ವಿಮೆಯಲ್ಲೂ ಸರಾಸರಿಯದೇ ಕಾಟ. ಇಳುವರಿಯನ್ನು ಗ್ರಾಮ ಪಂಚಾಯಿತಿ ಮಟ್ಟದಲ್ಲಿ, ಆಯ್ದ ಕೆಲವು ಹೊಲಗಳ ಬೆಳೆ ಕಟಾವು ಪ್ರಯೋಗದಿಂದ ಅಳೆಯುತ್ತಾರೆ. ಹಾನಗಲ್ ಕಡೆ ಅರೆಮಲೆನಾಡು, ರಾಣೆಬೆನ್ನೂರು ಕಡೆ ಬಯಲುಸೀಮೆ. ಒಂದೇ ಊರಿನಲ್ಲೂ ಹಳ್ಳದ ಆಚೆ ಬಿದ್ದ ಮಳೆ ಈಚೆ ಬಿದ್ದಿರುವುದಿಲ್ಲ. ನೀರಾವರಿಯಿದ್ದವನ ಫಸಲು ಇಲ್ಲದವನ ನಷ್ಟವನ್ನು ಮುಚ್ಚಿಬಿಡುತ್ತದೆ.

ಇಲ್ಲೊಂದು ಪ್ರಾಮಾಣಿಕ ಪ್ರಶ್ನೆಯಿದೆ. 2023ರ ಬರ ಅಮೆರಿಕದ ಹೊಗೆಯಿಂದ ಬಂದದ್ದೇ ಎಂದು ಹೇಳಲಾದೀತೆ? ಆ ವರ್ಷದ ಆಗಸ್ಟ್, ದೇಶದ ಮಟ್ಟದಲ್ಲಿ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್. ಅದಕ್ಕೆ ಕಾರಣವಾದ ಎಲ್ ನಿನೊ ಮನುಷ್ಯನ ಹೊಗೆಗಿಂತ ಎಷ್ಟೋ ಹಳೆಯದು, ನಮ್ಮ ಸೀಮೆಯ ಬರವೂ ಹಾಗೆಯೇ. ಭೂಮಿ ಬಿಸಿಯಾದಂತೆ ಒಣ ದಿನಗಳು ಇನ್ನಷ್ಟು ಒಣಗುತ್ತವೆ, ಸುರಿದಾಗ ಮಳೆ ಒಮ್ಮೆಲೇ ಸುರಿಯುತ್ತದೆ ಎಂಬುದು ವಿಜ್ಞಾನದ ಖಚಿತ ಮಾತು. ಆದರೆ ಒಂದು ಹೊಲದ ಒಂದು ವರ್ಷದ ನಷ್ಟದಲ್ಲಿ ಅದರ ಪಾಲೆಷ್ಟು ಎಂದು ರೈತನಾಗಲಿ, ಒಂದು ಬಡದೇಶವಾಗಲಿ ರುಜುವಾತು ಮಾಡುವುದು ಆಗದ ಕೆಲಸ. ಸಾಕ್ಷ್ಯದ ಹೊರೆಯನ್ನು ಪೆಟ್ಟು ತಿಂದವರ ಹೆಗಲಿಗೆ ಹಾಕುವ ಪದ್ಧತಿಯೇ ತಪ್ಪು. 2025ರ ಜುಲೈ 23ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ, ಪೆಸಿಫಿಕ್ ಸಾಗರದ ಪುಟ್ಟ ದೇಶ ವನುವಾಟು ಹಚ್ಚಿದ ಪ್ರಯತ್ನದ ಫಲವಾಗಿ ಒಂದು ಅಭಿಪ್ರಾಯ ಕೊಟ್ಟಿತು. ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಕರ್ತವ್ಯ, ಅದನ್ನು ಮುರಿದರೆ ಪರಿಹಾರ ಕೊಡುವ ಹೊಣೆಯೂ ಬರಬಹುದು ಎಂದಿತು. ಸಲಹೆಯ ರೂಪದ ತೀರ್ಪಾದರೂ, ಕೊಡುವವರ ಕೃಪೆ ಎಂಬ ಭಾಷೆ ಹೋಗಿ ಕೊಡಬೇಕಾದದ್ದು ಎಂಬ ಭಾಷೆ ಬಂದದ್ದು ದೊಡ್ಡ ಸಂಗತಿ.

ಹಣ ಮಾತ್ರ ಇನ್ನೂ ಹಳೆಯ ಭಾಷೆಯಲ್ಲೇ ಬರುತ್ತಿದೆ. 2020ರೊಳಗೆ ವರ್ಷಕ್ಕೆ 10,000 ಕೋಟಿ ಡಾಲರ್ ಎಂದು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಕೊಟ್ಟ ಮಾತು ಈಡೇರಿದ್ದು 2022ರಲ್ಲಿ, ಅದೂ ಶ್ರೀಮಂತ ದೇಶಗಳದೇ ಲೆಕ್ಕದ ಪ್ರಕಾರ. ಆ ವರ್ಷದ 11,590 ಕೋಟಿಯಲ್ಲಿ ಸರ್ಕಾರಗಳಿಂದ ಬಂದ ಹಣದ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಸಾಲ. ಬರಕ್ಕೂ ನೆರೆಗೂ ಸಜ್ಜಾಗಲು ಮೀಸಲಾದದ್ದು 3,240 ಕೋಟಿ. ತಾನು ಮಾಡದ ತಪ್ಪಿಗೆ ಆದ ನಷ್ಟವನ್ನು ಸಾಲ ಮಾಡಿ ತುಂಬಿಕೊಳ್ಳುವುದೆಂದರೆ ಏನೆಂದು ರಾಣೆಬೆನ್ನೂರಿನ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬರದ ವರ್ಷ ಅವನ ಬೆಳೆಸಾಲದ ಕಂತು ಮುಂದಕ್ಕೆ ಹೋಗುತ್ತದೆ, ಅಸಲು ಎಲ್ಲಿಗೂ ಹೋಗುವುದಿಲ್ಲ. ಆಗಿಹೋದ ಹಾನಿಗೆಂದೇ 2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ಒಪ್ಪಿಕೊಂಡ ನಿಧಿಗೆ ಬಂದ ವಾಗ್ದಾನ 80 ಕೋಟಿ ಡಾಲರ್ ಆಸುಪಾಸು. ಮೊದಲ ಹಂತದಲ್ಲಿ ಹಂಚಲು ಇಟ್ಟದ್ದು 25 ಕೋಟಿ, ಅಂದರೆ ಸುಮಾರು 2,200 ಕೋಟಿ ರೂಪಾಯಿ. ಇಡೀ ಬಡಜಗತ್ತಿಗೆಂದು ಇಟ್ಟ ಈ ಮೊತ್ತ, ಒಂದು ರಾಜ್ಯದ ಒಂದು ಬರಕ್ಕೆ ಕಾಡಿಬೇಡಿ ಪಡೆದ 3,454 ಕೋಟಿಗಿಂತಲೂ ಕಡಿಮೆ.

ಕೊಡುವ ಕೈ ಹೀಗೆ ಬಿಗಿಯಾಗಿರುವಾಗ ವಸೂಲಿಯ ಕೈ ಚುರುಕಾಗಿದೆ. ಯುರೋಪಿನ ಒಕ್ಕೂಟ ಉಕ್ಕು, ಅಲ್ಯೂಮಿನಿಯಂ, ಸಿಮೆಂಟಿನಂಥ ಆಮದು ಸರಕಿನ ಮೇಲೆ ಗಡಿಯಲ್ಲಿ ಇಂಗಾಲದ ಸುಂಕ ಹಾಕುವ ವ್ಯವಸ್ಥೆಗೆ ಲೆಕ್ಕ ಕೊಡುವ ಹಂತವನ್ನು 2023ರ ಅಕ್ಟೋಬರಿನಲ್ಲಿ ಶುರುಮಾಡಿತು. ಹಣದ ಹಂತ 2026ರ ಜನವರಿಯಿಂದ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿಗೂ ಈ ಲೆಕ್ಕ ತಾಗುತ್ತದೆ. ಹೊಗೆ ಕಡಿಮೆಯಾಗಲೇಬೇಕು, ಒಪ್ಪಿದೆ. ಆದರೆ ಆ ಸುಂಕ ಯುರೋಪಿನ ಬೊಕ್ಕಸಕ್ಕೆ ಹೋಗುವ ಬದಲು ಶುದ್ಧ ಉಕ್ಕಿನ ತಂತ್ರಜ್ಞಾನವಾಗಿ ಇತ್ತ ಬಂದಿದ್ದರೆ ರಿಯೊದ ಮಾತಿಗೆ ಬೆಲೆ ಇರುತ್ತಿತ್ತು.

ತಂತ್ರಜ್ಞಾನ ಹಂಚಿಕೊಳ್ಳುವುದಾಗಿ ಶ್ರೀಮಂತ ದೇಶಗಳು 1992ರಲ್ಲೇ ಬರೆದುಕೊಟ್ಟಿವೆ. ರೈತನ ಪಾಲಿಗೆ ತಂತ್ರಜ್ಞಾನ ಎಂದರೆ ಮೊದಲು ಬೀಜ. ರಾಣೆಬೆನ್ನೂರಿನ ಸುತ್ತಿನ ಹಳ್ಳಿಗಳಲ್ಲಿ ಬೀಜೋತ್ಪಾದನೆ ದೊಡ್ಡ ಕಸುಬು. ಪರದೆ ಕಟ್ಟಿದ ಮಡಿಗಳಲ್ಲಿ ಹೆಂಗಸರು ಹೂವೊಂದೊಂದನ್ನೇ ಬಿಡಿಸಿ, ಗಂಡು ಹೂವಿನ ಪರಾಗ ಮುಟ್ಟಿಸಿ ಕ್ರಾಸಿಂಗ್ ಮಾಡುತ್ತಾರೆ. ಆ ಬೀಜದ ಜನಕ ತಳಿಗಳು ಕಂಪನಿಗಳ ಹತ್ತಿರ. ಮುಂದೆ ಬರ ತಾಳುವ, ರೋಗ ತಾಳುವ ತಳಿ ಬಂದರೂ ಅದೇ ಕೈಗಳು ಕ್ರಾಸಿಂಗ್ ಮಾಡಿ, ಅದೇ ಮನೆಯವರು ಪ್ಯಾಕೆಟ್ಟಿನ ಬೆಲೆ ಕೊಟ್ಟು ಕೊಳ್ಳಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಸಾರ್ವಜನಿಕ ಸಂಸ್ಥೆಗಳ ತಳಿ ಸಂಶೋಧನೆಗೆ ಹವಾಮಾನದ ಹಣ ನೇರವಾಗಿ ಬರಬೇಕು ಎಂದು ನಾನು ಹೇಳುವುದು ಇದಕ್ಕೇ.

ಕಾನೂನಿನ ಬಾಗಿಲು ಸ್ವಲ್ಪ ತೆರೆದಿದೆ, ತೆರೆದದ್ದು ಒಂದು ಹಕ್ಕಿಯ ಮೊಕದ್ದಮೆಯಿಂದ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರದು, 119 ಚದರ ಕಿಲೋಮೀಟರ್. ಅಲ್ಲಿಯ ಹುಲ್ಲುಗಾವಲಿನಲ್ಲಿ ಹಿಂದೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಳೂ ಇದ್ದವು. ರಾಜಸ್ಥಾನ, ಗುಜರಾತಿನಲ್ಲಿ ಉಳಿದಿರುವ ಅದೇ ಹಕ್ಕಿಯನ್ನು ಸೌರವಿದ್ಯುತ್ ತಂತಿಗಳಿಂದ ಉಳಿಸುವ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರಂದು ಒಂದು ದೊಡ್ಡ ಮಾತು ಹೇಳಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೆಯ ವಿಧಿಗಳಡಿ ನಾಗರಿಕನ ಹಕ್ಕು ಎಂದಿತು. ಕರ್ನಾಟಕ ಬರ ಪರಿಹಾರಕ್ಕಾಗಿ ಅದೇ ಕೋರ್ಟಿನ ಬಾಗಿಲು ಬಡಿದದ್ದೂ ಆ ತಿಂಗಳೇ.

ಹಕ್ಕು ಎಂದಾದ ಮೇಲೆ ಪರಿಹಾರದ ಮಾನದಂಡವನ್ನು ಹೊಸದಾಗಿ ಬರೆಯಬೇಕಾಗುತ್ತದೆ. ಹೆಕ್ಟೇರಿಗೆ 8,500 ಎಂದು ಹೇಳಿದ ಮಾನದಂಡದ ಅವಧಿ ಇದ್ದದ್ದು 2026ರ ಮಾರ್ಚ್‌ವರೆಗೆ. ಮುಂದಿನ ಐದು ವರ್ಷಕ್ಕೆ ಬರೆಯುವವರು ಮೊತ್ತವನ್ನು ಬೇಸಾಯದ ನಿಜವಾದ ಖರ್ಚಿಗೆ ಕಟ್ಟಬೇಕು. ಮನವಿ ತಲುಪಿದ ಇಷ್ಟು ದಿನದೊಳಗೆ ಹಣ ಎಂಬ ಗಡುವು ಹಾಕಬೇಕು, ಮುಂದಿನ ಬಿತ್ತನೆಯ ಹೊತ್ತಿಗೆ ಬಂದ ಪರಿಹಾರ ಹಳೆಯ ಸಾಲದ ಬಡ್ಡಿಗೂ ಆಗುವುದಿಲ್ಲ. ಗುಣಮಟ್ಟ ಹೋದ ಬೆಳೆಯನ್ನೂ ನಷ್ಟವೆಂದು ಎಣಿಸಬೇಕು. ರಾಜ್ಯ ಸರ್ಕಾರ ಕೇಂದ್ರದ ಕಡೆ ಬೆರಳು ತೋರಿಸಿ ಸುಮ್ಮನಿರದೆ, ತನ್ನ ಕೈಯಲ್ಲೇ ಇರುವ ಕೆಲಸವನ್ನು ಈ ಹಂಗಾಮಿನಲ್ಲೇ ಶುರುಮಾಡಬಹುದು: ಬೆಳೆ ಸಮೀಕ್ಷೆಗೆ ಹೊಲಕ್ಕೆ ಬರುವವರು ಒಡೆಯನ ಹೆಸರಿನ ಜೊತೆಗೆ, ಲಾವಣಿ ಹಾಕಿಕೊಂಡು ಆ ಬೆಳೆ ಬೆಳೆದವರ ಹೆಸರನ್ನೂ ಬ್ಯಾಂಕ್ ಖಾತೆಯನ್ನೂ ಬರೆದುಕೊಳ್ಳಲಿ.